ಕಾಣದ ಶಿಲೆಗೆ ಪ್ರಮಾಣವೇನು?

ನದಿಯ ನೀರು ಉಬ್ಬಿ ರಭಸದಿಂದ ಹರಿಯುವುದನ್ನು ಕಂಡವನು ಮೇಲ್ಗಡೆ ಮಳೆಯಾಗಿರಬೇಕೆಂದು ನಿಶ್ಚಯಿಸುವುದನ್ನು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಶೇಷವತ್ ಎಂಬ ಅನುಮಾನಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾನೆ. ಕಾರ್ಯವನ್ನು ಹಿಡಿದು ಕಾರಣವನ್ನು ಮುಟ್ಟುವ ಈ ಮಾರ್ಗವೇ ಭೂವಿಜ್ಞಾನಿಗೂ ಮುಖ್ಯ ಆಶ್ರಯ. ಅವನಿಗೆ ಪ್ರತ್ಯಕ್ಷವಾಗಿ ದೊರೆಯುವುದು ಅತ್ಯಲ್ಪ: ಕೊರೆದ ರಂಧ್ರದಿಂದ ಮೇಲೆ ಬಂದ ಕೆಲವು ಶಿಲಾಖಂಡಗಳು, ಆಳದ ಸ್ತರಗಳಿಗೆ ತಾಗಿ ಹಿಂತಿರುಗಿದ ಕಂಪನದ ಅಲೆಗಳು. ಒಂದು ರಂಧ್ರಕ್ಕೂ ಮತ್ತೊಂದಕ್ಕೂ ನಡುವಣ ಅಗೋಚರ ವಿಸ್ತಾರವನ್ನೆಲ್ಲ ಇಂದು ಗಣಕಯಂತ್ರವು ತುಂಬಿ, ವರ್ಣಮಯವಾದ ಘನಾಕೃತಿಯಾಗಿ ತಿರುಗಿಸಿ ತೋರಿಸುತ್ತದೆ. ಹೀಗೆ ಕಣ್ಣಿಗೆ ಬಿದ್ದ ರೂಪವನ್ನು ನಾವು ಯಾವ ಪ್ರಮಾಣಕ್ಕೆ ಸೇರಿಸಬೇಕು, ಪ್ರತ್ಯಕ್ಷಕ್ಕೋ ಅನುಮಾನಕ್ಕೋ?

ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಅದಿರಿನ ಸತ್ತ್ವವನ್ನು ಅಂದಾಜು ಮಾಡಲು ಡ್ಯಾನಿ ಕ್ರೀಗ ಎಂಬ ಎಂಜಿನಿಯರು 1951ರಲ್ಲಿ ಪ್ರಕಟಿಸಿದ, ಅನಂತರ ಫ್ರಾನ್ಸಿನ ಜಾರ್ಜ್ ಮಾತೆರೋನ್ ಶಾಸ್ತ್ರರೂಪಕ್ಕೆ ತಂದ ಗಣಿತವಿಧಾನವನ್ನು ಹೀಗೆ ನಡುವನ್ನು ತುಂಬಲು ಬಳಸುತ್ತಾರೆ; ಅದು ಒಂದು ವ್ಯಾಪ್ತಿಯನ್ನು, ಎಂದರೆ ಹೇತುವಿಗೂ ಅದರಿಂದ ಸಾಧಿಸಬೇಕಾದುದಕ್ಕೂ ಇರುವ ನಿಯತ ಸಂಬಂಧವನ್ನು, ನಂಬಿ ನಿಂತಿದೆ. ಸಮೀಪದವು ಪರಸ್ಪರ ಹೋಲುತ್ತವೆ, ದೂರ ಹೆಚ್ಚಿದಂತೆ ಹೋಲಿಕೆ ಕುಗ್ಗುತ್ತದೆ ಎಂಬುದೇ ಅದು. ಬಹಳ ಕಡೆ ಸಲ್ಲುವ ಮಾತು. ಆದರೆ ಸ್ತರಭಂಗವೊಂದು ಶಿಲೆಯನ್ನು ಸೀಳಿ ಒಂದು ಪಾರ್ಶ್ವವನ್ನು ಕೆಳಕ್ಕೆ ಜಾರಿಸಿರುವಲ್ಲಿ, ಹತ್ತು ಮಾರು ಅಂತರದ ಎರಡು ರಂಧ್ರಗಳಲ್ಲಿ ಸಂಬಂಧವೇ ಇಲ್ಲದ ಶಿಲೆಗಳು ಸಿಕ್ಕಬಹುದು. ಅಂಕೆಗಳು ತಾವಾಗಿ ಇದನ್ನು ಅರಿಯಲಾರವು. ಯಾವುದು ಮೊದಲು ನೆಲೆಗೊಂಡಿತು, ಯಾವುದು ಬಳಿಕ ಮಡಿಚಿಕೊಂಡಿತು, ಯಾವುದು ಯಾವುದನ್ನು ಛೇದಿಸಿತು ಎಂಬ ಪೂರ್ವೋತ್ತರ ಕ್ರಮವನ್ನು ಬಲ್ಲ ಮನುಷ್ಯನು ಅದನ್ನು ನಿಯಮರೂಪದಲ್ಲಿ ಗಣಕಕ್ಕೆ ತಿಳಿಸಿಕೊಡಬೇಕು.

ಆ ಮನುಷ್ಯನ ವ್ಯಾಪ್ತಿಜ್ಞಾನವಾದರೂ ಬಂದುದೆಲ್ಲಿಂದ? ಅವನು ನಡೆದ ಬೆಟ್ಟಗಳಿಂದ, ಕಲಿಸಿದ ಗುರುಗಳಿಂದ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉತ್ತರವು ಮೊದಲೇ ಗೊತ್ತಿರುವಂತೆ ನಿರ್ಮಿಸಿದ ಕೃತಕ ಕಂಪನಚಿತ್ರವೊಂದಕ್ಕೆ ಭೂವಿಜ್ಞಾನಿಗಳಿಂದ 412 ವ್ಯಾಖ್ಯಾನಗಳು ಬಂದವು. ರಚನೆಯ ಮೂಲಸ್ವರೂಪವನ್ನು ಸರಿಯಾಗಿ ಗುರುತಿಸಿದವು ಶೇಕಡ 21 ಮಾತ್ರ. ಉಳಿದವರು ಅಜ್ಞರಾಗಿರಲಿಲ್ಲ, ತಮಗೆ ಪೂರ್ವಪರಿಚಿತವಾದುದನ್ನು ಅಲ್ಲಿ ಕಂಡವರಿದ್ದರು.

ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಆರಂಭಿಸಿ 12,262 ಮೀಟರುಗಳವರೆಗೆ ಕೊರೆದ ರಂಧ್ರದ ಕಥೆ ಇನ್ನೂ ಗಂಭೀರವಾದುದು. ಸುಮಾರು ಏಳು ಕಿಲೋಮೀಟರು ಆಳದಲ್ಲಿ ಅಲೆಗಳ ವೇಗ ಬದಲಾಗುವುದನ್ನು ಹೇತುವಾಗಿಟ್ಟುಕೊಂಡು, ಅಲ್ಲಿ ಗ್ರಾನೈಟು ಮುಗಿದು ಬಸಾಲ್ಟು ಆರಂಭವಾಗುವುದೆಂದು ಪಂಡಿತರು ಊಹಿಸಿದ್ದರು; ಕೊರೆದು ನೋಡಿದರೆ ಬಸಾಲ್ಟು ಇರಲಿಲ್ಲ, ಬಿರುಕುಗಳಲ್ಲಿ ನೀರು ತುಂಬಿದ ರೂಪಾಂತರಿತ ಶಿಲೆಯೇ ಇತ್ತು. ಅಲೆಗಳ ವೇಗ ಬದಲಾದುದು ಸುಳ್ಳಲ್ಲ; ಆ ಬದಲಾವಣೆಗೆ ಬೇರೆ ಕಾರಣವೂ ಇರಬಲ್ಲದಾದ್ದರಿಂದ ವ್ಯಾಪ್ತಿ ಮುರಿದಿತ್ತು. ಸಾಧಿಸಬೇಕಾದುದು ಇಲ್ಲದೆಡೆಯಲ್ಲಿಯೂ ಇರಬಲ್ಲ ಹೇತುವನ್ನು ನಮ್ಮ ತಾರ್ಕಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ, ಎಂದರೆ ಹುಸಿ ಹೇತುಗಳಲ್ಲಿ, ಮೊದಲನೆಯದಾಗಿ ಎಣಿಸಿದರು.

ಆದುದರಿಂದ ಪರದೆಯ ಮೇಲಿನ ಒಂದೊಂದು ರೇಖೆಯೂ ತನ್ನ ಪ್ರಮಾಣವನ್ನು ತನ್ನೊಡನೆ ಹೊತ್ತಿರಬೇಕೆಂದು ನಾನು ಒತ್ತಿ ಹೇಳುತ್ತೇನೆ: ಇಲ್ಲಿ ಶಿಲೆಯನ್ನು ಕಂಡದ್ದು, ಇಲ್ಲಿ ಊಹಿಸಿದ್ದು, ಊಹೆಗೆ ಹೇತು ಇಂಥದು, ಇನ್ನೊಬ್ಬನ ಊಹೆಯ ರೂಪ ಇಂಥದು. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವರ್ಣದಲ್ಲಿ ಬರೆಯುವುದು ಅಸತ್ಯವೇ ಸರಿ. ಇದು ಬರಿಯ ತರ್ಕದ ಮಾತಲ್ಲ: ಫಿನ್ಲೆಂಡಿನ ಓಲ್ಕಿಲುವೊಟೊದಲ್ಲಿ ಅಣುಸ್ಥಾವರಗಳ ಬಳಸಿದ ಇಂಧನವನ್ನು ಹುಗಿಯಲು ಸುಮಾರು 430 ಮೀಟರು ಆಳದ ಶಿಲೆಯಲ್ಲಿ ಸುರಂಗಗಳನ್ನು ತೋಡಿದ್ದಾರೆ. ಅಲ್ಲಿಯ ಬಿರುಕುಗಳು ಎತ್ತ ಸಾಗಿವೆ, ಅಂತರ್ಜಲ ಯಾವ ದಾರಿ ಹಿಡಿಯುತ್ತದೆ ಎಂಬ ಅನುಮಾನದ ಫಲವನ್ನು, ಅದನ್ನು ಮಾಡಿದವರನ್ನು ಎಂದೂ ಪ್ರಶ್ನಿಸಲಾರದ ಸಾವಿರಾರು ತಲೆಮಾರುಗಳು ಅನುಭವಿಸಬೇಕಾಗಿದೆ.