ಅಂಗೈಯಷ್ಟು ಸುಟ್ಟರೆ ಒಂದು

ವಿಂಗಡಣೆ ಎಂಬ ಮಾತು ಕೇಳಿದರೇ ನಮ್ಮ ಮೈ ಉರಿಯುತ್ತದೆ. ಊರು ಇತ್ತ, ಕೇರಿ ಅತ್ತ ಅಂತ ವಿಂಗಡಿಸಿದವರ ಕೆಳಗೆ ಬಾಳಿದವರು ನಾವು. ಹಾಗಾಗಿ ಸುಟ್ಟು ಬಂದ ಹೆಣ್ಣನ್ನು ಡಾಕ್ಟರು 'ನಲವತ್ತು ಪರ್ಸೆಂಟ್' ಅಂದಾಗ ಸಿಟ್ಟು ನೆತ್ತಿಗೇರುತ್ತದೆ. ಯಾಕ್ರೀ, ಅವಳಿಗೆ ಹೆಸರಿಲ್ವಾ?

ಆದರೆ ಗೆಳೆಯರೇ, ಆ ಲೆಕ್ಕ ಹಾಕುವ ರೀತಿ ನೋಡಿ. ತಲೆಗೆ 9. ಒಂದೊಂದು ಕೈಗೆ 9. ಎದೆ ಹೊಟ್ಟೆಗೆ 18, ಬೆನ್ನಿಗೆ 18, ಒಂದೊಂದು ಕಾಲಿಗೆ 18. ಉಳಿದ 1 ಗುಪ್ತಾಂಗಕ್ಕೆ. ತಲೆಯಿಂದ ಹುಟ್ಟಿದವನು ಮೇಲು, ಕಾಲಿಂದ ಹುಟ್ಟಿದವನು ಕೀಳು ಅಂದ ಶಾಸ್ತ್ರದ ನಾಡಿನಲ್ಲಿ ಒಂದು ಕಾಲಿಗೆ ತಲೆಯ ಎರಡರಷ್ಟು ಬೆಲೆ! ಅಲ್ಲಲ್ಲಿ ಚದುರಿದ ಗಾಯವಾದರೆ ಅವಳದೇ ಅಂಗೈ, ಬೆರಳೂ ಸೇರಿ, ಒಂದು ಪರ್ಸೆಂಟ್. ಗೌಡನ ಅಂಗೈಯಲ್ಲ, ಅವಳದು.

ಇನ್ನು ಗಾಯದ ಆಳ. ಅದು ದೂರ ನಿಂತರೆ ತಿಳಿಯದು, ಮುಟ್ಟಬೇಕು. ಒತ್ತಿದರೆ ಬಿಳುಚಿ ಮತ್ತೆ ಕೆಂಪಾಗುತ್ತದಾ? ಸೂಜಿ ತಾಗಿದರೆ ನೋಯುತ್ತದಾ? ಪೂರ್ತಿ ಆಳಕ್ಕೆ ಸುಟ್ಟ ಕಡೆ ನರವೂ ಸುಟ್ಟಿರುತ್ತದೆ, ಅಲ್ಲಿ ನೋವಿಲ್ಲ. ಅರಚುವವಳಿಗಿಂತ ಸುಮ್ಮನೆ ಮಲಗಿದವಳ ಗಾಯವೇ ಕೆಟ್ಟದ್ದಿರಬಹುದು. ಅರಚದವರಿಗೆ ಏನೂ ಆಗಿಲ್ಲ ಅಂತ ತೀರ್ಮಾನಿಸುವ ಜನರನ್ನು ನಾವು ಚೆನ್ನಾಗಿ ಬಲ್ಲೆವು.

ನಮ್ಮ ಮೊಳಕಾಲ್ಮೂರು ಸೀಮೆಯ ದೇವಸಮುದ್ರದಲ್ಲಿ ಒಬ್ಬಾಕೆಯ ಸೀರೆಗೆ ಒಲೆಯ ಬೆಂಕಿ ಹತ್ತಿತು ಅಂತಿಟ್ಟುಕೊಳ್ಳಿ. ವಯಸ್ಸು 30, ತೂಕ 45 ಕಿಲೊ, ಸುಟ್ಟದ್ದು 40 ಪರ್ಸೆಂಟ್. 4 ಮಿಲಿಲೀಟರನ್ನು ತೂಕದಿಂದಲೂ ಪರ್ಸೆಂಟಿನಿಂದಲೂ ಗುಣಿಸಿದರೆ 7,200. ಅಷ್ಟು ದ್ರಾವಣ ಮೊದಲ ದಿನದಲ್ಲಿ ನರಕ್ಕೆ ಹೋಗಬೇಕು, ಅದರರ್ಧ ಮೊದಲ 8 ತಾಸಿನಲ್ಲೇ. ಆ ತಾಸು ಶುರುವಾಗೋದು ಆಸ್ಪತ್ರೆ ಬಾಗಿಲಲ್ಲಲ್ಲ, ಬೆಂಕಿ ಹತ್ತಿದ ಗಳಿಗೆಯಲ್ಲಿ. ಗಾಡಿ ಹುಡುಕಿ, ದುಡ್ಡು ಹೊಂದಿಸಿ, ಬಳ್ಳಾರಿಯೋ ಚಿತ್ರದುರ್ಗವೋ ಅಂತ ಹೊರಟು ಸೇರುವಷ್ಟರಲ್ಲಿ 4 ತಾಸು ಕಳೆದಿದ್ದರೆ, 8ರಲ್ಲಿ ಕೊಡಬೇಕಾದ್ದನ್ನು ಉಳಿದ 4ರಲ್ಲಿ ಕೊಡಬೇಕು. ಪರ್ಸೆಂಟ್ ಬರೆಯದಿದ್ದರೆ ಎಷ್ಟು ಅಂತ ಕೊಡೋದು? ಈ ಅಂಕಿ ಅವಳ ಪಾಲಿನ ನೀರು. ಇದನ್ನು ಬೇಡ ಅನ್ನಲಾರೆವು.

ಇನ್ನೊಂದು ಅಂಕಿ ಇದೆ, ನಮ್ಮ ಜಗಳ ಅದರ ಜೊತೆ. 1961ರಲ್ಲಿ ಫ್ರಾನ್ಸಿನ ಡಾಕ್ಟರ್ ಬೋ ಎಂಬಾತ ವಯಸ್ಸಿಗೆ ಪರ್ಸೆಂಟ್ ಕೂಡಿಸಿ, ಬಂದ ಮೊತ್ತವೇ ಸಾವಿನ ಸಂಭವ ಅಂದ. ನಮ್ಮಾಕೆಗೆ 70, ಅಂದರೆ ನೂರರಲ್ಲಿ ಎಪ್ಪತ್ತು ಪಾಲು ಸಾವು. ಇವತ್ತು ಒಳ್ಳೆಯ ಸುಟ್ಟಗಾಯದ ವಾರ್ಡಿನಲ್ಲಿ 70 ಇದ್ದವರಲ್ಲಿ ಬಹುಪಾಲು ಮಂದಿ ಬದುಕುತ್ತಾರೆ. ಮನುಷ್ಯರ ಚರ್ಮವೇನೂ ಬದಲಾಗಿಲ್ಲವಲ್ಲ! ಬದಲಾದದ್ದು ದ್ರಾವಣ, ಚರ್ಮದ ಕಸಿ, ರಾತ್ರಿಯಿಡೀ ಕಾಯುವ ನರ್ಸಮ್ಮ. ಇವು ಇಲ್ಲದ ಕಡೆ ಅದೇ ಮೈಗೆ ಈಗಲೂ 1961. ಒಂದೇ ಸಲ ನೂರು ಜನ ಸುಟ್ಟು ಬಂದರೆ ಯಾರನ್ನು ಮೊದಲು ನೋಡಬೇಕೆಂದು ಆರಿಸುವುದು ಅನಿವಾರ್ಯ, ಒಪ್ಪುತ್ತೇವೆ. ಒಬ್ಬಳೇ ಬಂದಾಗಲೂ 'ಹೋಗೋ ಕೇಸು, ಬಿಡಿ' ಅಂದರೆ ಕೇಳುತ್ತೇವೆ: ಆ 70ರಲ್ಲಿ ಬೆಂಕಿಯದು ಎಷ್ಟು, ದಾರಿಯಲ್ಲಿ ಕಳೆದ 4 ತಾಸಿನದು ಎಷ್ಟು?