ಕಿರೀಟ ಯಾರಪ್ಪನ ಗಂಟು?

ಹೊಡೆದಾಡಿ ಗೆದ್ದದ್ದನ್ನು ಹೊಡೆದಾಡದವನು ಕಿತ್ತುಕೊಳ್ಳಬಹುದೆ? ನಮ್ಮ ಕೇರಿಗಳಲ್ಲಿ ಈ ಪ್ರಶ್ನೆ ನೂರು ಬಟ್ಟೆ ಹೊದ್ದುಕೊಂಡು ಓಡಾಡುತ್ತದೆ. ಬಾಕ್ಸಿಂಗ್ ರಿಂಗಿನಲ್ಲಿ ಅದು ಬರಿಮೈಯಲ್ಲಿ ನಿಂತಿರುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇವೆ.

1967ರ ಏಪ್ರಿಲ್ 28. ಅಮೆರಿಕದ ಹ್ಯೂಸ್ಟನ್ ನಗರ. ಹೆವಿವೇಟ್ ಚಾಂಪಿಯನ್ ಮುಹಮ್ಮದ್ ಅಲಿ ವಿಯೆಟ್ನಾಂ ಯುದ್ಧದ ಕಾಲದ ಕಡ್ಡಾಯ ಸೈನ್ಯಸೇವೆಗೆ ಒಪ್ಪಲಿಲ್ಲ. ಹೆಸರು ಕೂಗಿದಾಗ ಒಂದು ಹೆಜ್ಜೆ ಮುಂದಿಡಬೇಕಿತ್ತು, ಇಡಲಿಲ್ಲ, ಅಷ್ಟೇ. ಅದೇ ದಿನ ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಕಮಿಷನ್ ಅವನ ಲೈಸೆನ್ಸನ್ನು ಅಮಾನತು ಮಾಡಿತು. ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಕಿರೀಟ ಕಸಿಯಿತು. ಕೋರ್ಟಿನಲ್ಲಿ ಆಗಿನ್ನೂ ಆರೋಪಪಟ್ಟಿಯೇ ಇರಲಿಲ್ಲ. ಶಿಕ್ಷೆಯಾದದ್ದು ಜೂನ್ 20ಕ್ಕೆ: ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ. ಅಂದರೆ ನ್ಯಾಯಾಧೀಶನಿಗಿಂತ ಆಟದ ಯಜಮಾನರಿಗೇ ಅವಸರ ಹೆಚ್ಚಿತ್ತು.

'ರೂಲ್ಸ್ ಅಂದ್ರೆ ರೂಲ್ಸು ಕಣ್ರೀ' ಅನ್ನುವ ಗೆಳೆಯರು ನಮ್ಮಲ್ಲೂ ಇದ್ದಾರೆ. ದೇಶದ ಕಾನೂನು ಮೀರಿದವನಿಗೆ ಲೈಸೆನ್ಸ್ ಯಾಕೆ ಕೊಡಬೇಕು ಅಂತಾರೆ. ಸರಿ, ಒಂದು ಗಳಿಗೆ ಒಪ್ಪೋಣ. ಹಾಗಾದರೆ ಆ ರೂಲ್ಸು ಇನ್ಯಾರ್‍ಯಾರಿಗೆ ಅನ್ವಯಿಸಿತು ಅಂತ ಕೇಳಬೇಕಲ್ಲ. ಅಲಿಯ ವಕೀಲರು ಕೇಳಿದ್ದು ಇದನ್ನೇ. ಕಮಿಷನ್ನಿನ ಕಡತಗಳನ್ನೇ ತೆಗೆಸಿ ನೋಡಿದರು. ಶಿಕ್ಷೆಯಾದವರಿಗೆ ಲೈಸೆನ್ಸ್ ಕೊಟ್ಟ, ಇಲ್ಲವೇ ಮರಳಿಸಿದ ಪ್ರಕರಣಗಳು ಕಡಿಮೆಯೆಂದರೆ 244 ಸಿಕ್ಕವು. ಅವರಲ್ಲಿ ಕೊಲೆ ಮಾಡಿದವರಿದ್ದರು, ದರೋಡೆ ಮಾಡಿದವರಿದ್ದರು, ಅತ್ಯಾಚಾರಿಗಳಿದ್ದರು. ಸೈನ್ಯ ಬಿಟ್ಟು ಓಡಿಹೋದವರೂ ಇದ್ದರು! 1970ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ವಾಲ್ಟರ್ ಮ್ಯಾನ್ಸ್‌ಫೀಲ್ಡ್ ಇದು ಮನಬಂದಂತೆ ಮಾಡಿದ ತಾರತಮ್ಯ ಎಂದು ಹೇಳಿ ಲೈಸೆನ್ಸ್ ಕೊಡಿಸಿದರು.

ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡು, ಆಮೇಲೆ ಕಚೇರಿಗಳ ಮೆಟ್ಟಿಲು ಹತ್ತಿಳಿದ ನಮಗೆ ಈ 244 ಚೆನ್ನಾಗಿ ಗೊತ್ತು. ಅರ್ಜಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ನಮ್ಮದು ವಾಪಸ್ಸು ಬರುತ್ತೆ. ಪಕ್ಕದವನದು ಅದೇ ತಪ್ಪು ಹೊತ್ತುಕೊಂಡು ಟೇಬಲ್ಲಿಂದ ಟೇಬಲ್ಲಿಗೆ ತಾನಾಗಿಯೇ ನಡೆದು ಹೋಗುತ್ತೆ. ನಿಯಮಕ್ಕೆ ಕಣ್ಣಿಲ್ಲ ಅಂತಾರೆ. ನಿಯಮ ಓದುವವನಿಗೆ ಇದೆಯಲ್ಲ.

ಅಲಿಯ ಮೇಲಿನ ಸಿಟ್ಟು ಸೈನ್ಯದಿಂದ ಶುರುವಾದದ್ದೂ ಅಲ್ಲ. 1964ರ ಫೆಬ್ರವರಿಯಲ್ಲಿ ಅವನು ಸೋನಿ ಲಿಸ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ. ತಾನು ಮುಸ್ಲಿಮ್ ಎಂದ. ಗುಲಾಮಗಿರಿಯ ಕಾಲದಿಂದ ಅಂಟಿಕೊಂಡು ಬಂದಿದ್ದ ಕ್ಯಾಷಿಯಸ್ ಕ್ಲೇ ಎಂಬ ಹೆಸರನ್ನು ಬಿಸಾಕಿದ. ಆ ವರ್ಷವೇ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಅವನ ಕಿರೀಟವನ್ನು ಮೊದಲ ಸಲ ತೆಗೆಯಿತು. ಕಾರಣ ಕೇಳಿದರೆ ಲಿಸ್ಟನ್ ಜೊತೆ ಮರುಪಂದ್ಯದ ಕರಾರು ಮಾಡಿಕೊಂಡನಂತೆ. ಪತ್ರಿಕೆಗಳು ವರ್ಷಗಟ್ಟಲೆ 'ಕ್ಲೇ' ಎಂದೇ ಬರೆದವು. ನಮ್ಮ ಶಿವಾಜಿನಗರವನ್ನು ಹಳಬರು ಬ್ಲ್ಯಾಕ್‌ಪಲ್ಲಿ ಅನ್ನುತ್ತಿದ್ದರು. ಊರಿನ ಹೆಸರು ಮೇಲಿನಿಂದ ಬದಲಾದರೆ ಬೋರ್ಡು ಬದಲಾಯಿಸಿ ಸುಮ್ಮನಾಗುತ್ತಾರೆ. ಮನುಷ್ಯ ತನ್ನ ಹೆಸರನ್ನು ತಾನೇ ಬದಲಾಯಿಸಿಕೊಂಡರೆ ಎಷ್ಟು ರಂಪ ನೋಡಿ.

ಹಾಗಾದರೆ ಈ ಮಂಡಳಿಗಳೇ ಬೇಡವೆ? ಗೆದ್ದವನೇ ದೊರೆ, ಅವನನ್ನು ಯಾರೂ ಮುಟ್ಟಬಾರದೆ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಜಾನ್ ಸಲಿವನ್ ಎಂಬ ಬಿಳಿಯ ಚಾಂಪಿಯನ್ ಕಪ್ಪು ಜನರ ಜೊತೆ ಆಡುವುದೇ ಇಲ್ಲ ಎಂದು ಗೆರೆ ಎಳೆದಿದ್ದ. ಜಿಮ್ ಜೆಫ್ರೀಸ್ ಚಾಂಪಿಯನ್ ಆಗಿದ್ದಷ್ಟು ಕಾಲವೂ ಆ ಗೆರೆ ದಾಟಲಿಲ್ಲ. 1908ರಲ್ಲಿ ಜ್ಯಾಕ್ ಜಾನ್ಸನ್ ಆ ಗೆರೆ ಅಳಿಸಲು ಆಸ್ಟ್ರೇಲಿಯದ ಸಿಡ್ನಿವರೆಗೆ ಹೋಗಬೇಕಾಯಿತು. 1919ರಲ್ಲಿ ಗೆದ್ದ ಜ್ಯಾಕ್ ಡೆಂಪ್ಸಿ ಏಳು ವರ್ಷ ಚಾಂಪಿಯನ್ ಆಗಿದ್ದ. ಹ್ಯಾರಿ ವಿಲ್ಸ್ ಎಂಬ ಕಪ್ಪು ಮಲ್ಲ ಬಾಗಿಲಲ್ಲೇ ಕಾದು ಕಾದು ಮುದುಕನಾದ. 1926ರಲ್ಲಿ ವಿಲ್ಸ್ ಜೊತೆ ಆಡದಿದ್ದರೆ ಡೆಂಪ್ಸಿಗೆ ಲೈಸೆನ್ಸ್ ಇಲ್ಲ ಅಂದದ್ದು ಯಾರು ಗೊತ್ತೆ? ಇದೇ ನ್ಯೂಯಾರ್ಕ್ ಕಮಿಷನ್. ಪಂದ್ಯದ ಧಣಿಗಳು ಬೇಸರಪಟ್ಟುಕೊಳ್ಳಲಿಲ್ಲ, ಡೆಂಪ್ಸಿ–ಟನಿ ಪಂದ್ಯವನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಿದರು. ವಿಲ್ಸ್‌ಗೆ ಡೆಂಪ್ಸಿ ಸಿಗಲೇ ಇಲ್ಲ. ಡೆಂಪ್ಸಿ ಎದುರಾಳಿಯಿಂದ ತಪ್ಪಿಸಿಕೊಂಡ, ಅವನ ಕಿರೀಟಕ್ಕೆ ಏನೂ ಆಗಲಿಲ್ಲ. ಅಲಿ ಯಾವ ಎದುರಾಳಿಯಿಂದಲೂ ತಪ್ಪಿಸಿಕೊಂಡವನಲ್ಲ.

ಆದ್ದರಿಂದ ಮಂಡಳಿ ಬೇಕು ಅಂತಲೇ ನಮ್ಮ ವಾದ. ಬಾಗಿಲು ಹಾಕಿಕೊಂಡು ಕೂತ ಚಾಂಪಿಯನ್ನನ್ನು ಹೊರಗೆಳೆಯಲು ಬೇಕು. ಮೈಸೂರಿನ ವಿಜಯದಶಮಿಯ ವಜ್ರಮುಷ್ಟಿ ಕಾಳಗದಲ್ಲಿ ಮೊದಲ ರಕ್ತ ಬಿದ್ದರೆ ಕಾಳಗ ಮುಗಿಯಿತು. ಎಷ್ಟು ಚೊಕ್ಕ ನ್ಯಾಯ! ಆದರೆ ಕಣಕ್ಕೆ ಇಳಿಯುವವರು ಜಟ್ಟಿಗಳು ಮಾತ್ರ. ಕಾಳಗ ಶುರುವಾಗುವ ಮೊದಲೇ ಹುಟ್ಟು ಅರ್ಧ ತೀರ್ಪು ಕೊಟ್ಟಾಗಿರುತ್ತದೆ. ಚಾಂಪಿಯನ್ನಿಗೆ ನ್ಯಾಯ ಮತ್ತು ಅವನಿಗೆ ಸವಾಲು ಹಾಕುವವನಿಗೆ ನ್ಯಾಯ ಬೇರೆ ಬೇರೆ ಗಂಟುಗಳಲ್ಲ.

ಅಮೆರಿಕದ ಈ ಜಗಳ ನಮಗೇಕೆ ಅನ್ನುವವರು ಬೆಂಗಳೂರು ಕಂಟೋನ್ಮೆಂಟಿಗೆ ಬರಲಿ. ಹಲಸೂರಿನ ಗೌತಮಪುರದ ಜನ ಅಂಬೇಡ್ಕರ್ ಮತ್ತು ಬುದ್ಧರ ಜೊತೆ ಫುಟ್ಬಾಲಿನ ಪೆಲೆಗೂ ಪ್ರತಿಮೆ ನಿಲ್ಲಿಸಿದ್ದಾರೆ. ದೂರದ ಕಪ್ಪು ಆಟಗಾರ ತಮ್ಮವನು ಅನ್ನುವುದನ್ನು ಅವರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಲಿಲ್ಲ. ಅಲ್ಲೇ ಕೆರೆಯ ಪಕ್ಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ನೆಲೆ. ಹಿಂದೆ ಅದು ಮದ್ರಾಸ್ ಸ್ಯಾಪರ್ಸ್. ಅಸ್ಪೃಶ್ಯರೆನಿಸಿಕೊಂಡ ಪರಯರು ಬಂದೂಕು, ಗುದ್ದಲಿ ಎರಡನ್ನೂ ಹಿಡಿದು ಅಲ್ಲಿ ಸಿಪಾಯಿಗಳಾದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷರ ತಲೆಗೆ ಒಂದು ಹೊಸ ಸಿದ್ಧಾಂತ ಹತ್ತಿತು: ಕೆಲವು ಜಾತಿಗಳು ಮಾತ್ರ ಹುಟ್ಟಾ ಯೋಧರು. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ, ಆಮೇಲೆ ಇಡೀ ಭಾರತದ ದಂಡನಾಯಕನಾದ ರಾಬರ್ಟ್ಸ್ ಅದರ ದೊಡ್ಡ ಪುರೋಹಿತ. ದಕ್ಷಿಣದ ಪಡೆಗಳು ಕರಗುತ್ತ ಹೋದವು, ಸ್ಯಾಪರ್ಸ್ ಉಳಿದುಕೊಂಡಿತು. 1818ರಲ್ಲಿ ಕೋರೆಗಾಂವ್‌ನಲ್ಲಿ ಹೋರಾಡಿದ ಮಹಾರರಿಗೆ 1890ರ ದಶಕದ ಮೊದಲಲ್ಲಿ ಸೈನ್ಯದ ಬಾಗಿಲು ಮುಚ್ಚಿತು. ಯಾವ ಯುದ್ಧದಲ್ಲೂ ಸೋತು ಕಳೆದುಕೊಂಡ ಪಟ್ಟವಲ್ಲ ಅದು. ಮೇಜಿನ ಮೇಲೆ, ಪೆನ್ನಿನಲ್ಲಿ ಹೋಯಿತು.

ಇಲ್ಲೊಂದು ತೊಡಕಿದೆ, ನಾವು ಅದನ್ನು ಬಚ್ಚಿಡುವುದಿಲ್ಲ. ನಮ್ಮ ಅಜ್ಜಂದಿರು ಸೈನ್ಯಕ್ಕೆ ಸೇರಿಸಿಕೊಳ್ಳಿ ಎಂದು ಅರ್ಜಿ ಬರೆದರು. ಅಲಿ ಸೇರುವುದಿಲ್ಲ ಎಂದು ಕಿರೀಟ ಬಿಟ್ಟ. ಇಬ್ಬರೂ ಸರಿ ಆಗುವುದು ಹೇಗೆ? ಸಮವಸ್ತ್ರದಲ್ಲಿ ಊಟವಿತ್ತು, ಮಕ್ಕಳಿಗೆ ಶಾಲೆಯಿತ್ತು, ಊರಿನ ಗೌಡ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅಂಬೇಡ್ಕರರ ತಂದೆಯೂ ಸುಬೇದಾರರೇ. ಅಲಿಯ ಮುಂದಿದ್ದದ್ದು ಬೇರೆ: ತನ್ನನ್ನು ಮನುಷ್ಯನೆನ್ನದ ದೇಶಕ್ಕಾಗಿ ತನಗೇನೂ ಕೇಡು ಮಾಡದ ಬಡ ರೈತರನ್ನು ಕೊಲ್ಲುವುದು. ಎರಡು ಕಡೆಯೂ ಒಂದೇ ಅಧಿಕಾರ ಕೆಲಸ ಮಾಡುತ್ತಿತ್ತು: ಈ ಮೈ ಯಾವಾಗ ಹೊಡೆದಾಡಬೇಕು, ಯಾವಾಗ ಹೊಡೆದಾಡಬಾರದು ಅನ್ನುವುದನ್ನು ಆ ಮೈಯವನನ್ನು ಬಿಟ್ಟು ಮಿಕ್ಕವರೆಲ್ಲ ನಿರ್ಧರಿಸುವುದು. ಒಬ್ಬನಿಗೆ ಬಾಗಿಲು ಮುಚ್ಚಿ ಅವಮಾನ ಮಾಡಿತು, ಇನ್ನೊಬ್ಬನನ್ನು ಕತ್ತು ಹಿಡಿದು ಒಳಗೆ ತಳ್ಳಲು ನೋಡಿತು.

ಕ್ರಿಕೆಟ್ಟಿನಲ್ಲೂ ಇದು ನಡೆದಿದೆ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ ಪಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ. ಪುಣೆಯಲ್ಲಿ ಅವನಿಗೆ ಚಹಾ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಗೂ ಸಿಗಲಿಲ್ಲ. ಅವನ ತಮ್ಮ ವಿಠ್ಠಲ್‌ಗೆ 1923ರಲ್ಲಿ ಸಿಕ್ಕಿತು.

ಇವತ್ತು ಬಾಕ್ಸಿಂಗ್‌ಗೆ ನಾಲ್ಕು ದೊಡ್ಡ ಸಂಸ್ಥೆಗಳು, ನಾಲ್ಕು ಬೆಲ್ಟುಗಳು. ಬಾಕ್ಸರನ ಗಳಿಕೆಯಲ್ಲಿ ಅವುಗಳಿಗೆ ಪಾಲಿದೆ, ಸಾಮಾನ್ಯವಾಗಿ ನೂರಕ್ಕೆ ಮೂರರ ಆಸುಪಾಸು. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಅಲಿಯನ್ನೇ ಸೋಲಿಸಿದ. ಮರುಪಂದ್ಯವನ್ನು ಅಲಿಗೆ ಕೊಡುತ್ತೇನೆ ಎಂದದ್ದಕ್ಕೆ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಬೆಲ್ಟು ಕಿತ್ತು ಕೆನ್ ನಾರ್ಟನ್‌ಗೆ ಕೊಟ್ಟಿತು. ನಾರ್ಟನ್ ಒಳ್ಳೆಯ ಬಾಕ್ಸರ್, ಆದರೆ ಜೀವಮಾನದಲ್ಲಿ ಒಂದೂ ಚಾಂಪಿಯನ್‌ಷಿಪ್ ಪಂದ್ಯ ಗೆಲ್ಲದೆ ವಿಶ್ವ ಚಾಂಪಿಯನ್ ಆದ. 2015ರ ನವೆಂಬರ್ 28ಕ್ಕೆ ಗೆದ್ದ ಟೈಸನ್ ಫ್ಯೂರಿಯ ಒಂದು ಬೆಲ್ಟು ಹತ್ತೇ ದಿನಕ್ಕೆ ಹೋಯಿತು. ಅವನೂ ಮರುಪಂದ್ಯಕ್ಕೆ ಒಪ್ಪಿದ್ದನಂತೆ! ಫ್ಯೂರಿ ಬಿಳಿಯನೇ, ಐರಿಷ್ ಅಲೆಮಾರಿಗಳ ಕುಲದವನು. ಖಾಲಿ ಬೆಲ್ಟು ಅಂದರೆ ಇನ್ನೊಂದು ಪಂದ್ಯ, ಇನ್ನೊಂದು ಪಾಲು. ಇದರಲ್ಲಿ ಧರ್ಮ ಹುಡುಕುವ ಅಗತ್ಯ ನಮಗೆ ಕಾಣುವುದಿಲ್ಲ. ಇಂದಿರಾನಗರದ ಹವಾನಿಯಂತ್ರಿತ ಜಿಮ್ಮುಗಳ ಗೋಡೆಗೆ ಅಲಿಯ ಚಿತ್ರ ಅಂಟಿಸುವವರೂ ಇದೇ ವ್ಯಾಪಾರದ ನೆಂಟರು.

ಅಲಿಯನ್ನು ಹೊರಗೆ ಹಾಕಿದ ಮೇಲೆ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಎಂಟು ಜನರ ಸ್ಪರ್ಧೆ ಇಟ್ಟಿತು. 1968ರಲ್ಲಿ ಗೆದ್ದವನು ಜಿಮ್ಮಿ ಎಲ್ಲಿಸ್, ಅಲಿಯ ಊರಿನವನೇ, ಅವನ ಅಭ್ಯಾಸದ ಜೊತೆಗಾರ. ನ್ಯೂಯಾರ್ಕ್ ತನ್ನದೇ ಲೆಕ್ಕದಲ್ಲಿ ಜೋ ಫ್ರೇಜಿಯರ್ ಅಂದಿತು. ಒಬ್ಬನಿಂದ ಕಿತ್ತರು, ಇಬ್ಬರು ಚಾಂಪಿಯನ್ನರಾದರು. ಮೂರೂವರೆ ವರ್ಷದ ಮೇಲೆ, 1970ರ ಅಕ್ಟೋಬರ್ 26ರಂದು ಅಲಿ ಮತ್ತೆ ರಿಂಗು ಹತ್ತಿದ್ದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಯಾಕೆಂದರೆ ಆ ರಾಜ್ಯದಲ್ಲಿ ಬಾಕ್ಸಿಂಗ್ ಕಮಿಷನ್ನೇ ಇರಲಿಲ್ಲ. 1971ರ ಜೂನ್ 28ಕ್ಕೆ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಾಧೀಶರು ಒಂದೇ ದನಿಯಲ್ಲಿ ಶಿಕ್ಷೆ ರದ್ದು ಮಾಡಿದರು. ಇಪ್ಪತ್ತೈದರ ಕಾಲುಗಳನ್ನು ಮರಳಿಸುವ ಅಧಿಕಾರ ಯಾವ ಕೋರ್ಟಿಗೂ ಇರಲಿಲ್ಲ.

ಅದಕ್ಕೂ ಮೊದಲು, ಮಾರ್ಚ್ 8ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ್ದ. ಹದಿನೈದನೇ ರೌಂಡಿನಲ್ಲಿ ಅವನ ಎಡಗೈ ಬಿದ್ದು ಅಲಿ ನೆಲಕ್ಕುರುಳಿ, ಮತ್ತೆ ಎದ್ದು ನಿಂತ. ನಮ್ಮ ಲೆಕ್ಕದಲ್ಲಿ 1964ರಲ್ಲಿ ಲಿಸ್ಟನ್ ಕೈಯಿಂದ ಬಂದ ಕಿರೀಟ ಅಲಿಯ ಕೈ ಬಿಟ್ಟದ್ದು ಅವತ್ತು. ತೀರ್ಪು ಕೊಟ್ಟ ಮೂವರೂ ಹದಿನೈದು ರೌಂಡೂ ಅಲ್ಲೇ ಇದ್ದು ಕಣ್ಣಾರೆ ನೋಡಿದವರು.