ನುಡಿಸಿದ ಸ್ವರದ ಹೊಣೆ

ನುಡಿಸಿದ ಸ್ವರವನ್ನು ಹಿಂದಕ್ಕೆ ಪಡೆಯಲಾಗದು. ವೇದಿಕೆಯ ಮೇಲೆ ಆ ಕ್ಷಣದಲ್ಲೇ ರಚಿಸುತ್ತ ನುಡಿಸುವ ಜಾಝ್ ವಾದಕನು ಇದನ್ನು ಚೆನ್ನಾಗಿ ಬಲ್ಲನು. ಫ್ರೆಂಚ್ ತತ್ತ್ವಜ್ಞ ಸಾರ್ತ್ರನ 1938ರ ಕಾದಂಬರಿಯೊಂದರಲ್ಲಿ, ಬಾಳು ಅರ್ಥಶೂನ್ಯವೆನಿಸಿದ ನಾಯಕನಿಗೆ ಆಸರೆಯಾಗುವುದು ಒಂದು ಜಾಝ್ ಗೀತೆಯ ಧ್ವನಿಮುದ್ರಿಕೆ. ಅವನ ಅಸ್ತಿತ್ವವಾದದಂತೆ, ಮನುಷ್ಯನು ತಾನು ಏನೆಂಬುದನ್ನು ತನ್ನ ಆಯ್ಕೆಗಳಿಂದಲೇ ರೂಪಿಸಿಕೊಳ್ಳುತ್ತಾನೆ. ಅದರ ಹೊಣೆಯನ್ನು ಅನ್ಯರ ಮೇಲೆ ಹೊರಿಸಲಾಗದು.

ಹಾಗಾದರೆ ತಾನು ಆರಿಸದ ರೋಗ, ಸಂಕಟಗಳಿಗೂ ಮನುಷ್ಯನು ಹೊಣೆಯೇ?

ಪಾರಿಶ್ವಾಡದಂತೆಯೇ ಬೆಳಗಾವಿ ಸೀಮೆಗೆ ಸೇರಿದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಜಾಝ್ ಪರಂಪರೆಯವರಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಅವರ ಬಾಳಿನಲ್ಲಿದೆ. ಕ್ಷಯರೋಗವು ಅವರನ್ನು ವರ್ಷಗಟ್ಟಲೆ ಹಾಡದಂತೆ ಮಾಡಿತು. ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಅವರು ಮಾಳವದ ಜನಪದ ಧಾಟಿಗಳಿಗೆ ಕಿವಿಗೊಟ್ಟರು. ಮುಂದೆ ಅವುಗಳಿಂದ ಹೊಸ ರಾಗಗಳನ್ನು ಕಟ್ಟಿದರು. ರೋಗವು ಅವರ ಆಯ್ಕೆಯಲ್ಲ. ಕಿವಿಗೊಟ್ಟಿದ್ದು ಅವರ ಆಯ್ಕೆ.

ತಪ್ಪಿದ ಸ್ವರವನ್ನು ವಾದಕನು ಅಳಿಸಲಾರ. ಮುಂದಿನ ಸ್ವರದಿಂದ ಅದಕ್ಕೊಂದು ನೆಲೆ ಕೊಡಬಲ್ಲ. ಕಿರ್ದಿಯಲ್ಲಿಯೂ ತಪ್ಪು ನಮೂದನ್ನು ಒರೆಸುವುದಿಲ್ಲ, ಅದನ್ನು ಸರಿಪಡಿಸುವ ಮತ್ತೊಂದು ನಮೂದನ್ನು ಬರೆಯುತ್ತಾರೆ. ಶ್ರಾವಕನ ಪ್ರತಿಕ್ರಮಣದ ಮರ್ಮವೂ ಇದೇ ಅಲ್ಲವೇ? ಸ್ವಾತಂತ್ರ್ಯವೆಂದರೆ ಮನಬಂದಂತೆ ನುಡಿಸುವುದಲ್ಲ. ನುಡಿಸಿದ್ದನ್ನು ತನ್ನದೆಂದು ಒಪ್ಪಿ, ಮುಂದಿನ ಸ್ವರವನ್ನು ಎಚ್ಚರದಿಂದ ಹಿಡಿಯುವುದು.